ಮುತ್ತಿಗೆಯ ನಡುವೆ ಕೊಂಡ ಹೊಲ

ಕನ್ನಡ ಬೈಬಲನ್ನು ಓದುವವರಿಗೆ ‘ನಿರೀಕ್ಷೆ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಸಂತ ಪೌಲನು ಎಣಿಸುವ ಮೂರರಲ್ಲಿ ಇದು ನಡುವಿನದು. ಅನುವಾದಕರು ‘ಆಸೆ’ಯನ್ನು ಬಿಟ್ಟು ಈ ಪದವನ್ನು ಆರಿಸಿಕೊಂಡದ್ದು ಉಚಿತವಾಗಿಯೇ ಇದೆ. ಆಸೆ ಬೇಕೆನ್ನುತ್ತದೆ, ನಿರೀಕ್ಷೆ ಕಾಯುತ್ತದೆ. ನಿರೀಕ್ಷೆಯಿದ್ದರೆ ತಾಳ್ಮೆ ತಾನಾಗಿ ಬರುತ್ತದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಹೇಳುವ ಕ್ರಮವೇ ಬೇರೆ. ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವತೆ, ಪಕ್ವತೆಯಿಂದ ನಿರೀಕ್ಷೆ. ಎಂದರೆ, ನಿರೀಕ್ಷೆ ಸಂಕಟಕ್ಕೆ ಮೊದಲೇ ಕೂಡಿಟ್ಟ ಬುತ್ತಿಯಲ್ಲ; ಸಂಕಟದಲ್ಲಿ ನಿಂತವನಿಗೆ ದೊರೆಯುವ ಫಲ.

ಈ ಮಾತು ಬದುಕಿನಲ್ಲಿ ನಿಲ್ಲುವುದೆ? ಉತ್ತರಕ್ಕಾಗಿ ನನ್ನ ಮನಸ್ಸು ಇಬ್ಬರು ಸೆರೆಯಾಳುಗಳ ಕಡೆಗೆ ಹೋಗುತ್ತದೆ.

ಮೊದಲನೆಯವನು ಪ್ರವಾದಿ ಯೆರೆಮೀಯ. ಕ್ರಿಸ್ತಪೂರ್ವ 6ನೆಯ ಶತಮಾನದ ಆರಂಭ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿದೆ. ನಗರ ಬೀಳುವುದು ನಿಶ್ಚಯವೆಂದು ಸಾರಿದ್ದಕ್ಕಾಗಿ ಅರಸನು ಯೆರೆಮೀಯನನ್ನು ಕಾವಲಿನಲ್ಲಿಟ್ಟಿದ್ದಾನೆ. ಆಗ ಅವನ ದಾಯಾದಿ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೊಳ್ಳೆನ್ನುತ್ತಾನೆ. ನಾಡೇ ಕೈಬಿಟ್ಟುಹೋಗುತ್ತಿರುವಾಗ ಹೊಲವನ್ನು ಕೊಳ್ಳುವವರುಂಟೆ? ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟು, ಸಾಕ್ಷಿಗಳ ಮುಂದೆ ಕ್ರಯಪತ್ರ ಮಾಡಿಸಿ, ಅದು ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ನಾಡಿನಲ್ಲಿ ಜನ ಮತ್ತೆ ಹೊಲಮನೆಗಳನ್ನು ಕೊಳ್ಳುವ ಕಾಲ ಬರುತ್ತದೆಂಬುದೇ ಅದರ ಅರ್ಥ. ನಗರ ಬಿದ್ದಿತು. ಯೆರೆಮೀಯನನ್ನು ಅವನ ಜನರೇ ಐಗುಪ್ತಕ್ಕೆ ಕರೆದೊಯ್ದರು. ಆ ಹೊಲವನ್ನು ಅವನು ಉತ್ತನೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ.

ಎರಡನೆಯವರು ನಮ್ಮ ಕಾಲಕ್ಕೆ ಹತ್ತಿರದವರು: ಜರ್ಮನಿಯ ಧರ್ಮಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್. ಹಿಟ್ಲರನ ಆಳ್ವಿಕೆಯನ್ನು ಮೊದಲಿನಿಂದಲೇ ವಿರೋಧಿಸಿದ ಅವರಿಗೆ ಗಾಂಧೀಜಿಯವರಲ್ಲಿ ಆಸಕ್ತಿಯಿತ್ತು. 1934ರಲ್ಲಿ ಆಶ್ರಮಕ್ಕೆ ಬರುವಂತೆ ಆಹ್ವಾನವೂ ದೊರೆತಿತ್ತು. ಆ ಪ್ರಯಾಣ ಕೈಗೂಡಲಿಲ್ಲ. 1939ರ ಜೂನಿನಲ್ಲಿ ಅವರು ಅಮೆರಿಕ ಸೇರಿದರು. ಅಲ್ಲಿ ಸುಖವಾಗಿರಬಹುದಿತ್ತು. ಆದರೆ ತನ್ನ ಜನರ ಸಂಕಟದಲ್ಲಿ ಪಾಲುಗೊಳ್ಳದವನಿಗೆ ಮುಂದೆ ನಾಡನ್ನು ಕಟ್ಟುವುದರಲ್ಲಿ ಪಾಲಿಲ್ಲವೆಂದು ಭಾವಿಸಿ, ಕೆಲವೇ ವಾರಗಳಲ್ಲಿ ಹಿಂತಿರುಗಿದರು. ಹಿಟ್ಲರನ ವಿರುದ್ಧ ನಡೆದ ಗುಪ್ತ ಸಂಚಿನಲ್ಲಿಯೂ ಸೇರಿದರು.

1943ರ ಜನವರಿಯಲ್ಲಿ ಮರಿಯಾ ಫಾನ್ ವೇಡೆಮೆಯರ್ ಎಂಬ ತರುಣಿಯೊಂದಿಗೆ ಅವರ ವಿವಾಹ ನಿಶ್ಚಯವಾಯಿತು. ಏಪ್ರಿಲ್ 5ರಂದು ಬಂಧನವಾಯಿತು. ಬರ್ಲಿನ್ನಿನ ಟೇಗೆಲ್ ಸೆರೆಮನೆಯಿಂದ ಆ ಆಗಸ್ಟಿನಲ್ಲಿ ಅವಳಿಗೆ ಬರೆದ ಪತ್ರದಲ್ಲಿ ಅವರು ನೆನೆದದ್ದು ಯೆರೆಮೀಯನನ್ನೇ. ಇಂಥ ಕಾಲದಲ್ಲಿ ಮದುವೆಯಾಗಲು ಒಪ್ಪುವುದು, ದೇವರ ಈ ಭೂಮಿಗೆ ಭವಿಷ್ಯವಿದೆಯೆಂದು ಒಪ್ಪುವುದಕ್ಕೆ ಸಮವೆಂಬುದು ಅವರ ಭಾವ. ಆ ಮದುವೆ ನಡೆಯಲಿಲ್ಲ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಮುಂದಿನ ತಿಂಗಳ 8ರಂದು ಯುರೋಪಿನಲ್ಲಿ ಯುದ್ಧ ಮುಗಿಯಿತು.

ಹಾಗಾದರೆ ಅವರ ನಿರೀಕ್ಷೆ ಸುಳ್ಳಾಯಿತೆ? ಬಿಡುಗಡೆಯೊಂದೇ ಗುರಿಯಾಗಿದ್ದರೆ ಸುಳ್ಳಾಯಿತೆಂದೇ ಹೇಳಬೇಕು. ಆದರೆ ಕ್ರೈಸ್ತನ ನಿರೀಕ್ಷೆ ಶಿಲುಬೆಯನ್ನು ಬಳಸಿಕೊಂಡು ಹೋಗುವುದಿಲ್ಲ. ಪುನರುತ್ಥಾನದ ಬೆಳಗು ಬಂದದ್ದು ಶಿಲುಬೆಯ ಆಚೆಗೆ. ತನಗೆ ಒಳಿತಾಗುವುದೆಂಬ ಲೆಕ್ಕಾಚಾರ ಅದಲ್ಲ. ತಾನಿಲ್ಲದ ನಾಳೆಯೂ ದೇವರ ಕೈಯಲ್ಲಿದೆಯೆಂಬ ನಿಶ್ಚಯದಿಂದ ಇಂದಿನ ಕರ್ತವ್ಯವನ್ನು ಮಾಡುವುದು ಅದು.

ತಾಳ್ಮೆಯ ಹೆಸರಿನಲ್ಲಿ ಅನ್ಯಾಯವನ್ನು ನುಂಗಿಕೊಂಡಿರೆಂದು ಬಡವರಿಗೆ ಬೋಧಿಸುವವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಬಾನ್‌ಹಾಫರರ ತಾಳ್ಮೆ ಅಂಥದಲ್ಲ. ನಮ್ಮ ಕನ್ನಡದ ‘ತಾಳು’ ಎಂಬ ಪುಟ್ಟ ಮಾತಿಗೆ ಭಾರವನ್ನು ಹೊರು ಎಂಬ ಅರ್ಥವೂ ಇದೆ, ಕಾದಿರು ಎಂಬ ಅರ್ಥವೂ ಇದೆ. ಹೊತ್ತುಕೊಂಡೇ ಕಾಯುವುದು, ಕಾಯುತ್ತಲೇ ಕೈಯಲ್ಲಿರುವ ಕೆಲಸವನ್ನು ನಡೆಸುವುದು: ಪೌಲನು ಹೇಳಿದ ತಾಳ್ಮೆ ಇದೇ ಎಂದು ನನಗೆ ತೋರುತ್ತದೆ.

ವಾಸಿಯಾಗದ ಕಾಯಿಲೆಯವರ ಹಾಸಿಗೆಯ ಬಳಿ ಕುಳಿತವರಿಗೂ, ಮಳೆ ಕೈಕೊಟ್ಟ ವರ್ಷ ಬೀಜವನ್ನು ತೆಗೆದಿರಿಸುವ ರೈತನಿಗೂ ಈ ಮಾತು ಹೊಸದಲ್ಲ. ಮುತ್ತಿಗೆ ಯಾವಾಗ ಮುಗಿಯುತ್ತದೆಂದು ಅವರಿಗೂ ತಿಳಿಯದು. ಆದರೂ ಪ್ರತಿದಿನವೂ ಅವರು ತಮ್ಮ ಪಾಲಿನ ಬೆಳ್ಳಿಯನ್ನು ತೂಗಿ ಕೊಡುತ್ತಲೇ ಇದ್ದಾರೆ.