ಆ್ಯಪ್ ಸ್ಟೋರ್ ಒಂದೇ ಏಕೆ?



ಆ್ಯಪ್ ತಯಾರಕರ ಇಂಥ ಸಭೆಯಲ್ಲಿ ಅಧ್ಯಕ್ಷರಾದವರು ಎರಡೂ ಕಡೆ ತೂಗಿ ಮಾತಾಡಬೇಕೆಂಬ ರೂಢಿಯಿದೆ. ಇವತ್ತು ಅದು ನನ್ನಿಂದಾಗದು. ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಆ್ಯಪ್ ಸ್ಟೋರ್‌ಗಳಿಗೆ ಜಾಗ ಇರಲೇಬೇಕು, ಅದೂ ಕಂಪನಿಯ ಕೃಪೆಯಿಂದಲ್ಲ, ಕಾನೂನಿನ ಬಲದಿಂದ.

2024ರ ಮಾರ್ಚ್ 1 ನಿಮಗೆ ನೆನಪಿರಬಹುದು. ಶುಲ್ಕದ ತಕರಾರಿನಲ್ಲಿ ಗೂಗಲ್ ಭಾರತ್ ಮ್ಯಾಟ್ರಿಮೊನಿ, ನೌಕ್ರಿ ಮುಂತಾದ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿತು. ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ದೊಡ್ಡವರ ಪರವಾಗಿ ದೆಹಲಿ ಮಾತಾಡಿತು, ಸರಿ. ದಾವಣಗೆರೆಯ ಇಬ್ಬರು ಹುಡುಗರು ಸಾಲ ಮಾಡಿ ಕಟ್ಟಿದ ಆ್ಯಪ್ ನಾಳೆ ಮಾಯವಾದರೆ ಯಾವ ಸಚಿವರು ಫೋನ್ ಎತ್ತುತ್ತಾರೆ?

2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಒಂದೇ ವಾರದೊಳಗೆ ಗೂಗಲ್‌ಗೆ ಎರಡು ದಂಡ ಹಾಕಿತು: 1,337.76 ಕೋಟಿ, 936.44 ಕೋಟಿ ರೂಪಾಯಿ. ಪತ್ರಿಕೆಗಳು ದಂಡದ ಮೊತ್ತವನ್ನೇ ದೊಡ್ಡದು ಮಾಡಿದವು. ನಮಗೆ ಬೇಕಿದ್ದುದು ಮೊದಲ ಆದೇಶದ ಒಳಗಿದ್ದ ಒಂದು ಸೂಚನೆ: ಬೇರೆಯವರ ಆ್ಯಪ್ ಸ್ಟೋರ್‌ಗಳೂ ಪ್ಲೇ ಸ್ಟೋರ್‌ನಲ್ಲೇ ಸಿಗಬೇಕು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನು ಎತ್ತಿಹಿಡಿಯಿತು, ಆದರೆ ಆ ಸೂಚನೆಯನ್ನು ರದ್ದು ಮಾಡಿತು. ಮರು ವರ್ಷ ಅಮೆರಿಕದಲ್ಲಿ, ಎಪಿಕ್ ಗೇಮ್ಸ್ ಹೂಡಿದ ಮೊಕದ್ದಮೆಯಲ್ಲಿ, ನ್ಯಾಯಾಧೀಶರು ಗೂಗಲ್‌ಗೆ ಕೊಟ್ಟ ಆದೇಶದಲ್ಲಿ ಹೆಚ್ಚುಕಡಿಮೆ ಇದೇ ಮಾತಿತ್ತು. ನಮ್ಮಲ್ಲಿ ಮೊದಲು ಹೊಳೆದದ್ದನ್ನು ನಾವೇ ಕೈಬಿಟ್ಟೆವು.

ಎರಡನೆಯ ಆದೇಶದ ಗತಿ ಇನ್ನೂ ಸ್ವಾರಸ್ಯಕರ. ಆ್ಯಪ್‌ಗಳು ಗೂಗಲ್‌ನದನ್ನು ಬಿಟ್ಟು ಬೇರೆ ಪಾವತಿ ವ್ಯವಸ್ಥೆಯನ್ನೂ ಬಳಸಬಹುದು ಎಂದಾಯಿತು. ಬಳಸಿದವರಿಗೆ ಗೂಗಲ್ ತನ್ನ ಶುಲ್ಕದಲ್ಲಿ ಬಿಟ್ಟುಕೊಟ್ಟದ್ದು ಶೇ. 4. ಶೇ. 15 ಇದ್ದವರಿಗೆ 11, ಶೇ. 30 ಇದ್ದವರಿಗೆ 26. ಗ್ರಾಹಕ ನೂರು ರೂಪಾಯಿಯನ್ನು ಯುಪಿಐನಲ್ಲಿ ನೇರ ನಿಮಗೇ ಕಟ್ಟಿದರೂ ಗೂಗಲ್‌ನ ಪಾಲು ತಪ್ಪದು.

ಬೇರೆ ಸ್ಟೋರ್ ಇಲ್ಲವೆಂದಲ್ಲ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರುವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ತೆರೆಯಿತು. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಅದು ಸಿಗುತ್ತದೆ. ನಿಮ್ಮ ತಾಯಿಯವರ ಫೋನಿಗೆ ಇಂಥದೊಂದು ಸ್ಟೋರ್ ಅನ್ನು ವೆಬ್‌ಸೈಟ್‌ನಿಂದ ಹಾಕಿಕೊಡಲು ಹೋಗಿ ನೋಡಿ. ಈ ಫೈಲ್ ಅಪಾಯಕಾರಿ ಇರಬಹುದು ಎನ್ನುತ್ತದೆ ಬ್ರೌಸರ್. ಮುಂದುವರಿದರೆ ಸೆಟ್ಟಿಂಗ್ಸ್‌ಗೆ ಹೋಗಿ ಅಪರಿಚಿತ ಮೂಲಕ್ಕೆ ಅನುಮತಿ ಕೊಡಬೇಕು. ಅಷ್ಟರಲ್ಲಿ ಅವರು, "ಬೇಡ ಬಿಡಪ್ಪ, ಬ್ಯಾಂಕ್ ದುಡ್ಡು ಇದರಲ್ಲೇ ಇದೆ" ಅಂದಿರುತ್ತಾರೆ.

ಆ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮದುವೆ ಆಮಂತ್ರಣ, ಟ್ರಾಫಿಕ್ ಚಲನ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್, ಅಂದರೆ ಆ್ಯಪ್ ಹಾಕುವ ಫೈಲ್, ಒತ್ತಿ ಖಾತೆ ಬರಿದು ಮಾಡಿಕೊಂಡವರಿದ್ದಾರೆ. ಆದರೆ ಆ ಫೈಲ್‌ಗಳು ಬಂದದ್ದು ಇನ್ನೊಂದು ಸ್ಟೋರ್‌ನಿಂದಲ್ಲ, ಯಾವ ಸ್ಟೋರೂ ಇಲ್ಲದ ದಾರಿಯಿಂದ. ಜನರನ್ನು ಕಾಡಿದ ಸಾಲದ ಆ್ಯಪ್‌ಗಳಲ್ಲಿ ಎಷ್ಟೋ ಇದ್ದದ್ದು ಪ್ಲೇ ಸ್ಟೋರ್‌ನಲ್ಲೇ. ನೋಂದಣಿ, ಪರಿಶೀಲನೆ, ದೂರಿಗೆ ಉತ್ತರಿಸುವ ಹೊಣೆ ಇವು ಪ್ರತಿ ಸ್ಟೋರಿಗೂ ಇರಲಿ, ಗೂಗಲ್‌ನದಕ್ಕೂ ಇರಲಿ.

ಯುರೋಪಿನ ಪಾಠ ಒಂದಿದೆ. 2024ರ ಮಾರ್ಚ್‌ನಲ್ಲಿ ಅಲ್ಲಿನ ಕಾನೂನಿಗೆ ಮಣಿದು ಆ್ಯಪಲ್ ಐಫೋನಿನಲ್ಲಿ ಬೇರೆ ಸ್ಟೋರ್‌ಗಳಿಗೆ ಬಾಗಿಲು ತೆಗೆಯಿತು. ಜೊತೆಗೇ, ಆ ಹೊಸ ಷರತ್ತು ಒಪ್ಪಿದ ಆ್ಯಪ್‌ಗಳಿಗೆ ವರ್ಷಕ್ಕೆ 10 ಲಕ್ಷ ದಾಟಿದ ಪ್ರತಿ ಇನ್‌ಸ್ಟಾಲ್‌ಗೆ ಅರ್ಧ ಯೂರೋ ಶುಲ್ಕ ಹೇರಿತು. ಹೊಸ್ತಿಲಿಗೆ ಸುಂಕ! ಶುಲ್ಕದ ಮಾತನ್ನು ಕಾನೂನಿನಲ್ಲೇ ಬರೆಯದಿದ್ದರೆ ನಮ್ಮಲ್ಲೂ ಹೀಗೇ ಆಗುತ್ತದೆ.

ನಮ್ಮ ದೇಶದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಬಂದದ್ದೂ ಅದೇ ಮಾರ್ಚ್‌ನಲ್ಲಿ. ಅದಿನ್ನೂ ಕಾನೂನಾಗಿಲ್ಲ. ಬೇರೆ ಸ್ಟೋರ್‌ಗಳೂ ಪ್ಲೇ ಸ್ಟೋರ್‌ನಲ್ಲಿ ಸಿಗಬೇಕೆಂಬ, ರದ್ದಾದ ಆ ಸೂಚನೆಯನ್ನು ಮಸೂದೆಯಲ್ಲಿ ಸೇರಿಸಬೇಕೆಂದು ಈ ಸಭೆಯ ಸಂಜೆಯ ನಿರ್ಣಯದಲ್ಲಿ ಸ್ಪಷ್ಟವಾಗಿ ಬರೆಯಿರಿ. ಮಸೂದೆ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ: ನಿಮ್ಮ ಮುಂದಿನ ಆ್ಯಪ್ ಅನ್ನು ಪ್ಲೇ ಸ್ಟೋರ್‌ಗೆ ಹಾಕಿದ ದಿನವೇ ಇನ್ನೊಂದು ಸ್ಟೋರ್‌ಗೂ ಹಾಕಿ.