ದೋಸ್ತ್ ಎಂಬ ಒಂದು ಶಬ್ದ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು. ಆದ್ದರಿಂದ ಒಂದು ಶಬ್ದದಿಂದಲೇ ಮಾತು ಆರಂಭಿಸುತ್ತೇನೆ. ಫಾರಸಿಯ ‘ದೋಸ್ತ್’ ಉರ್ದುವಿನಲ್ಲಿದೆ, ಹಿಂದಿಯಲ್ಲಿದೆ, ತುರ್ಕಿ ಭಾಷೆಯಲ್ಲೂ ಇದೆ. ನಮ್ಮ ಉತ್ತರ ಕರ್ನಾಟಕದ ಹುಡುಗರು ‘ದೋಸ್ತ’ ಎಂದೇ ಗೆಳೆಯನನ್ನು ಕೂಗುತ್ತಾರೆ. 2023ರ ಫೆಬ್ರವರಿ 6ರಂದು ತುರ್ಕಿ ಮತ್ತು ಸಿರಿಯಾದಲ್ಲಿ ಭೀಕರ ಭೂಕಂಪವಾಯಿತು. ತುರ್ಕಿಯೊಂದರಲ್ಲೇ 50 ಸಾವಿರಕ್ಕೂ ಹೆಚ್ಚು ಜನ ಮಡಿದರು. ಆಗ ಭಾರತ ಕಳುಹಿಸಿದ ನೆರವಿಗೆ ಇಟ್ಟ ಹೆಸರು ‘ಆಪರೇಷನ್ ದೋಸ್ತ್’.

ನಮ್ಮ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಮೂರು ತಂಡಗಳು ಅಲ್ಲಿಗೆ ಹೋದವು. ಮಹಿಳಾ ಸಿಬ್ಬಂದಿಯೂ ಅವುಗಳಲ್ಲಿ ಇದ್ದರೆಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು. ಗಾಜಿಯಾಂತೆಪ್ ಪ್ರಾಂತದ ನೂರ್ದಾಗಿ ಎಂಬ ಊರಲ್ಲಿ, ಪಡೆಯ ಜೂಲಿ ಎಂಬ ನಾಯಿ ಕುಸಿದ ಕಟ್ಟಡದ ಮುಂದೆ ನಿಂತು ಬೊಗಳಿತು. ರೋಮಿಯೊ ಎಂಬ ಇನ್ನೊಂದು ನಾಯಿಯನ್ನು ತಂದು ಖಚಿತಪಡಿಸಿಕೊಂಡರು. ಅವಶೇಷದೊಳಗಿಂದ ಆರು ವರ್ಷದ ಬಾಲಕಿಯನ್ನು ಜೀವಂತವಾಗಿ ಹೊರತೆಗೆದರು. ಅದೇ ವೇಳೆ ಇಸ್ಕೆಂದರುನ್‌ನಲ್ಲಿ ನಮ್ಮ ಸೇನೆಯ ವೈದ್ಯರು ತಾತ್ಕಾಲಿಕ ಆಸ್ಪತ್ರೆ ತೆರೆದಿದ್ದರು.

ಈಗ ನಾನು ನಿಮ್ಮನ್ನು ಕೇಳುತ್ತೇನೆ. ಭಾಷೆ ತಿಳಿಯದ ಊರಿನಲ್ಲಿ, ಹತ್ತಾರು ದೇಶಗಳ ತಂಡಗಳು ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ? ಬರೀ ಒಳ್ಳೆಯ ಮನಸ್ಸಿದ್ದರೆ ಸಾಕೆ?

ಸಾಲದೆಂಬುದನ್ನು ಜಗತ್ತು ಕಷ್ಟಪಟ್ಟು ಕಲಿತಿದೆ. 1985ರಲ್ಲಿ ಮೆಕ್ಸಿಕೊ, 1988ರಲ್ಲಿ ಆರ್ಮೇನಿಯಾ ಭೂಕಂಪಕ್ಕೆ ತುತ್ತಾದಾಗ ಹಲವು ದೇಶಗಳು ಧಾವಿಸಿದವು. ಆದರೆ ಯಾರು ಎಲ್ಲಿ ಹುಡುಕಬೇಕೆಂಬ ಹೊಂದಾಣಿಕೆ ಇರಲಿಲ್ಲ. ಆ ಅನುಭವದಿಂದ 1991ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ‘ಇನ್ಸರಾಗ್’ ಎಂಬ ಶೋಧ ಮತ್ತು ರಕ್ಷಣಾ ತಂಡಗಳ ಬಳಗ ಹುಟ್ಟಿತು. ತಂಡಗಳು ತಮ್ಮ ತಪ್ಪು ಒಪ್ಪುಗಳನ್ನು ಪರಸ್ಪರ ಹಂಚಿಕೊಂಡು ಎಲ್ಲರಿಗೂ ಒಂದೇ ಪದ್ಧತಿ ರೂಪಿಸಿದವು. ಹುಡುಕಿ ಮುಗಿಸಿದ ಕಟ್ಟಡದ ಮೇಲೆ ಎಲ್ಲ ತಂಡಗಳೂ ಒಂದೇ ರೀತಿಯ ಗುರುತು ಹಾಕುತ್ತವೆ. ಸೀಟಿ ಮೂರು ಬಾರಿ ಚಿಕ್ಕದಾಗಿ ಊದಿದರೆ ಕೂಡಲೇ ಹೊರಗೆ ಬನ್ನಿ ಎಂದರ್ಥ. ಒಂದೇ ಉದ್ದನೆಯ ಸದ್ದಾದರೆ ಕೆಲಸ ನಿಲ್ಲಿಸಿ ಮೌನವಾಗಿರಿ ಎಂದರ್ಥ. ಒಂದು ಉದ್ದ, ಒಂದು ಚಿಕ್ಕ ಸದ್ದಾದರೆ ಕೆಲಸ ಮುಂದುವರಿಸಬಹುದು. ನಮ್ಮ ಶಾಲೆಯ ಗಂಟೆಯಂತೆಯೇ ಇದು, ಅನುವಾದ ಬೇಡ. ಆ ಮೌನದಲ್ಲೇ ಮಣ್ಣಿನಡಿಯ ಕ್ಷೀಣ ದನಿ ಕೇಳಿಸುವುದು.

ಈ ಜ್ಞಾನ ಹಗೆಯನ್ನೂ ಕರಗಿಸುತ್ತದೆ. ಗ್ರೀಸ್ ಮತ್ತು ತುರ್ಕಿ 1996ರಲ್ಲಿ ನಿರ್ಜನ ನಡುಗಡ್ಡೆಗಳಿಗಾಗಿ ಯುದ್ಧದ ಅಂಚಿಗೆ ಬಂದಿದ್ದವು. 1999ರ ಆಗಸ್ಟ್ 17ರಂದು ತುರ್ಕಿಯಲ್ಲಿ ಭೂಮಿ ನಡುಗಿದಾಗ ಗ್ರೀಕ್ ರಕ್ಷಕರು ಓಡಿ ಬಂದರು. ಸೆಪ್ಟೆಂಬರ್ 7ರಂದು ಅಥೆನ್ಸ್ ನಡುಗಿದಾಗ ತುರ್ಕಿಯವರು ಅಲ್ಲಿಗೆ ಹೋದರು. 2023ರಲ್ಲಿ ಗ್ರೀಕರು ಮತ್ತೆ ಬಂದರು. ದಶಕಗಳಿಂದ ಮುಚ್ಚಿದ್ದ ಆರ್ಮೇನಿಯಾ–ತುರ್ಕಿ ಗಡಿಯೂ ನೆರವಿನ ಲಾರಿಗಳಿಗಾಗಿ ತೆರೆಯಿತು. ರಾಜಕೀಯ ವ್ಯಾಜ್ಯಗಳೆಲ್ಲ ಬಗೆಹರಿದವೆಂದು ನಾನು ಹೇಳುವುದಿಲ್ಲ. ಆದರೆ ತನ್ನ ಮಗುವನ್ನು ಎತ್ತಿಕೊಟ್ಟ ಕೈಗಳನ್ನು ಯಾವ ತಾಯಿಯೂ ಶತ್ರುವಿನ ಕೈಗಳೆನ್ನಲಾರಳು.

ಇದು ದೂರದ ಕಥೆಯೆಂದು ತಿಳಿಯಬೇಡಿ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದಾಗ ಇದೇ ಪಡೆಯವರು ನಮ್ಮಲ್ಲಿಗೂ ಬಂದರು. ಮೂರು ದಿನ ಕಳೆದ ಮೇಲೂ ಜೀವಂತ ಜನರನ್ನು ಹೊರತೆಗೆದರು. 2011ರ ಸುನಾಮಿಯ ನಂತರ ಜಪಾನಿನಲ್ಲಿ, 2015ರಲ್ಲಿ ನೇಪಾಳದಲ್ಲಿ ದುಡಿದದ್ದೂ ಇದೇ ಪಡೆ. ಪರದೇಶದಲ್ಲಿ ಗಳಿಸಿದ ಅನುಭವ ಮನೆಯ ಬಾಗಿಲಿಗೂ ಒದಗುತ್ತದೆ.

ಪ್ರಿಯರೆ, ಒಂದು ಪ್ರಾಣವನ್ನು ಉಳಿಸಿದವನ ಸ್ಥಾನವೇನೆಂದು ಸೂರಃ ಅಲ್ ಮಾಇದಾದಲ್ಲಿ ಓದಿದವರು ನಾವು. ಆದರೂ ರಸ್ತೆಯಲ್ಲಿ ಅಪಘಾತವಾದರೆ ನಾವೇನು ಮಾಡುತ್ತೇವೆ? ಸುತ್ತ ಗುಂಪುಗೂಡುತ್ತೇವೆ, ಮೊಬೈಲ್ ಎತ್ತಿ ಚಿತ್ರ ತೆಗೆಯುತ್ತೇವೆ. ಕೆಲವರು ಕರುಣೆಯಿಂದಲೇ ಗಾಯಾಳುವನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ತುರುಕುತ್ತಾರೆ. ಬೆನ್ನುಮೂಳೆ ಮುರಿದಿದ್ದರೆ ಆ ಕರುಣೆಯೇ ಅವನನ್ನು ಜೀವಮಾನವಿಡೀ ಹಾಸಿಗೆಗೆ ಕೆಡವಬಹುದು. ಅರಿವಿಲ್ಲದ ದಯೆಯೂ ಅಪಾಯವೇ.

ಆದ್ದರಿಂದ ನನ್ನ ವಿನಂತಿ ಚಿಕ್ಕದು. 112 ಮತ್ತು 108 ಸಂಖ್ಯೆಗಳು ಪ್ರತಿ ಮಗುವಿಗೂ ಬಾಯಿಪಾಠವಾಗಲಿ. ರಕ್ತ ಸೋರುವ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯುವುದು, ನಿಂತ ಹೃದಯಕ್ಕೆ ಎದೆಯೊತ್ತುವುದು ಪ್ರತಿ ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ. ನಮ್ಮ ಸಂಸ್ಥೆ ವರ್ಷಕ್ಕೊಮ್ಮೆ ಪ್ರಥಮ ಚಿಕಿತ್ಸೆಯ ಶಿಬಿರ ನಡೆಸಲಿ. ಅದಕ್ಕೆ ನೆರೆಯ ಎಲ್ಲ ಧರ್ಮದವರನ್ನೂ ಕರೆಯಲಿ. ಇಲ್ಮ್ ಹಂಚಿದಷ್ಟೂ ಹೆಚ್ಚುತ್ತದೆ. ಇಂತಹ ಇಲ್ಮನ್ನು ಹಂಚದಿದ್ದರೆ ಒಂದು ಜೀವವೇ ಹೋಗಬಹುದು.

ದೋಸ್ತ್ ಎಂದು ಕರೆಯುವುದು ಸುಲಭ. ಆಪತ್ತಿನ ದಿನ ಆ ಹೆಸರಿಗೆ ಯೋಗ್ಯರಾಗುವ ಮನಸ್ಸನ್ನೂ ವಿದ್ಯೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.