ಯಂತ್ರ 60, ಬೆರಳು 43, ಇಸಿಜಿ 86



ಪೇಸ್‌ಮೇಕರ್ ಹಾಕಿಸಿಕೊಂಡವರ ಮನೆಯವರು ನಮ್ಮಂಥ ವೈದ್ಯರನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. "ಡಾಕ್ಟ್ರೇ, ಬಡಿತ 60ಕ್ಕಿಂತ ಕೆಳಗೆ ಇಳಿಯೋಕೆ ಯಂತ್ರ ಬಿಡೋದಿಲ್ಲ ಅಂದಿದ್ರಿ. ಬೆರಳಿಗೆ ಹಾಕೋ ಆಕ್ಸಿಮೀಟರಿನಲ್ಲಿ 43 ಬರ್ತಿದೆ. ಯಂತ್ರ ಕೆಟ್ಟುಹೋಯ್ತಾ?" ಗಾಬರಿಯಿಂದ ಆಸ್ಪತ್ರೆಗೆ ಕರೆತಂದು ಇಸಿಜಿ ತೆಗೆಸಿದರೆ ಅದರಲ್ಲಿ 86! ಈ ಮೂರು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲದಿರಬಹುದು. ಹೇಗೆಂಬುದನ್ನು ನಿಧಾನವಾಗಿ ನೋಡೋಣ.

1958ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬವರ ಮೈಯೊಳಗೆ ಇಟ್ಟರು. ಅದು ಕೆಲವೇ ಗಂಟೆ ನಡೆಯಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡ ಲಾರ್ಸನ್ 2001ರವರೆಗೆ ಬದುಕಿದರು. ಆ ಮೊದಲ ಯಂತ್ರ ಹೃದಯ ತಾನೇ ಬಡಿಯುತ್ತಿದೆಯೇ ಎಂದು ನೋಡದೆ ಒಂದೇ ವೇಗದಲ್ಲಿ ವಿದ್ಯುತ್ ಮಿಡಿತ ಕೊಡುತ್ತಿತ್ತು. ಈಗಿನದು ಮೊದಲು ಆಲಿಸುತ್ತದೆ, ಬೇಕಾದರಷ್ಟೇ ಮಿಡಿತ ಕೊಡುತ್ತದೆ. ನಮ್ಮ ಗೊಂದಲಗಳಲ್ಲಿ ಬಹುಪಾಲು ಹುಟ್ಟುವುದು ಈ ಆಲಿಸುವ ಗುಣದಿಂದಲೇ.

ಕೆಳಗಿನ ಮಿತಿ 60 ಎಂದರೆ, ಕೊನೆಯ ಬಡಿತವಾದ ಮೇಲೆ ಯಂತ್ರ 1000 ಮಿಲಿಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಹೃದಯ ತಾನೇ ಬಡಿದರೆ ಸುಮ್ಮನಿದ್ದು, ಅಲ್ಲಿಂದ ಹೊಸದಾಗಿ ಎಣಿಸಲು ತೊಡಗುತ್ತದೆ. ಈಗ ಯಂತ್ರ ಕೊಟ್ಟ ಪ್ರತಿ ಬಡಿತದ ಬೆನ್ನಲ್ಲೇ, 400 ಮಿಲಿಸೆಕೆಂಡಿಗೆ, ಹೃದಯದ ಕೆಳಕೋಣೆಯಿಂದ ಒಂದು ಅಕಾಲ ಬಡಿತ ಬರುತ್ತಿದೆ ಎಂದಿಟ್ಟುಕೊಳ್ಳಿ. ಅಷ್ಟು ಬೇಗ ಕೋಣೆಯಲ್ಲಿ ರಕ್ತ ತುಂಬಿರುವುದಿಲ್ಲ. ಸಂಕೋಚನ ಆಗುತ್ತದೆ, ಆದರೆ ಅದರ ಅಲೆ ಬೆರಳಿನವರೆಗೆ ಮುಟ್ಟುವುದಿಲ್ಲ. ಯಂತ್ರ ಮಾತ್ರ ಅದನ್ನು ಬಡಿತವೆಂದೇ ಗುರುತಿಸಿ ಮತ್ತೆ 1000 ಮಿಲಿಸೆಕೆಂಡು ಕಾಯುತ್ತದೆ. ಹೀಗೆ 1400 ಮಿಲಿಸೆಕೆಂಡಿಗೆ ವಿದ್ಯುತ್ತಿನ ಬಡಿತ ಎರಡು, ಬೆರಳಿಗೆ ಸಿಗುವ ನಾಡಿ ಒಂದು. ನಿಮಿಷದ 60,000 ಮಿಲಿಸೆಕೆಂಡನ್ನು 1400ರಿಂದ ಭಾಗಿಸಿದರೆ ಸುಮಾರು 43. ಅದರ ಎರಡರಷ್ಟು 86. ಆಕ್ಸಿಮೀಟರ್ ನಾಡಿಯನ್ನು ಎಣಿಸಿತು, ಇಸಿಜಿ ವಿದ್ಯುತ್ತನ್ನು ಎಣಿಸಿತು, ಪೇಸ್‌ಮೇಕರ್ ತನ್ನ ನಿಯಮ ಪಾಲಿಸಿತು.

ಯಂತ್ರ ಕೆಟ್ಟಿಲ್ಲ ಎಂದು ತಿಳಿದು ನೆಮ್ಮದಿಯಾಗಿ ಮಲಗಿಬಿಡಬೇಡಿ. ಅಕಾಲ ಬಡಿತಗಳು ದಿನವಿಡೀ ಹೆಚ್ಚಾಗಿದ್ದರೆ ಕಾಲಾಂತರದಲ್ಲಿ ಹೃದಯದ ಸ್ನಾಯು ಸೋಲಬಹುದು. ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್ ಹಾಕಿಸಿ ಅವು ಎಷ್ಟಿವೆಯೆಂದು ಲೆಕ್ಕ ಹಾಕಬೇಕು, ಎಕೋ ಮಾಡಿಸಬೇಕು.

ಯಂತ್ರಕ್ಕೆ ಕಲಿಸಿಟ್ಟಿರುವ ನಡವಳಿಕೆಯೇ ಕೆಲವೊಮ್ಮೆ ದೋಷದಂತೆ ಕಾಣುತ್ತದೆ. ನಿದ್ದೆಯ ಹೊತ್ತಿಗೆ ಮಿತಿಯನ್ನು 50ಕ್ಕೆ ಇಳಿಸಿರಬಹುದು. ಮೈಯ ಅಲುಗಾಟ ನೋಡಿ ವೇಗ ಏರಿಸುವ ಯಂತ್ರ, ಹಳ್ಳ ಬಿದ್ದ ರಸ್ತೆಯಲ್ಲಿ ಬಸ್ಸು ಕುಲುಕಿದಾಗ ವ್ಯಾಯಾಮವೆಂದು ತಿಳಿದು ಬಡಿತ ಹೆಚ್ಚಿಸೀತು. ಜೋರಾಗಿ ಮೆಟ್ಟಿಲು ಹತ್ತುವಾಗ ಮೇಲ್ಕೋಣೆಯ ಬಡಿತ ಯಂತ್ರದ ಮೇಲಿನ ಮಿತಿ ದಾಟಿದರೆ, ಮೇಲ್ಕೋಣೆಗೊಂದು ಕೆಳಕೋಣೆಗೊಂದು ಎಂದು ಎರಡು ತಂತಿಯಿರುವ ಪೇಸ್‌ಮೇಕರ್ ಕೆಳಕೋಣೆಯ ಮಿಡಿತವನ್ನು ತುಸುತುಸುವೇ ತಡಮಾಡಿ, ಒಂದನ್ನು ಬಿಟ್ಟುಬಿಡುತ್ತದೆ. ಇದೇ ಲಯವನ್ನು ನೆದರ್‌ಲೆಂಡ್ಸಿನ ವೈದ್ಯ ವೆಂಕೆಬಾಖ್ 1899ರಲ್ಲೇ, ಇಸಿಜಿ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ನಾಡಿಯ ದಾಖಲೆಯಿಂದ ಗುರುತಿಸಿದ್ದರು. ನಾಡಿಯನ್ನು ತಾಳ್ಮೆಯಿಂದ ಓದುವ ಆ ವಿದ್ಯೆಯ ಬೆಲೆ ಇವತ್ತಿಗೂ ಕಡಿಮೆಯಾಗಿಲ್ಲ.

ನನ್ನ ವೃತ್ತಿಬಾಂಧವರಿಗೂ ಒಂದು ಮಾತು. ಪೇಸ್‌ಮೇಕರಿನ ವರದಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಮೇಲ್ಕೋಣೆ ಲಯತಪ್ಪಿ ಅದುರುವ ಕಾಯಿಲೆ) ಎಂದು ಅಚ್ಚಾಗಿರುವುದೆಲ್ಲ ಅದೇ ಕಾಯಿಲೆಯಲ್ಲ. ಮೇಲ್ಕೋಣೆಯ ತಂತಿಗೆ ಕೆಳಕೋಣೆಯ ವಿದ್ಯುತ್ತೂ ಕೇಳಿಸಿ, ಒಂದು ಬಡಿತ ಎರಡಾಗಿ ದಾಖಲಾಗುವುದುಂಟು. ಯಂತ್ರದೊಳಗೆ ಉಳಿದಿರುವ ಅಲೆಯ ಚಿತ್ರವನ್ನು ಕಣ್ಣಾರೆ ನೋಡದೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬರೆದುಕೊಡುವುದು ತಪ್ಪು. ಆ ಮಾತ್ರೆಯಿಂದ ರಕ್ತಸ್ರಾವವಾದರೆ ಅನುಭವಿಸುವವರು ರೋಗಿಗಳು.

ನಿಜವಾದ ಅಪಾಯ ಒಳ್ಳೆಯ ಅಂಕಿಯ ಹಿಂದೆಯೂ ಅಡಗಿರಬಹುದು. ತಂತಿ ಜರುಗಿದರೆ ಪೇಸ್‌ಮೇಕರ್ ಮಿಡಿತ ಕೊಟ್ಟರೂ ಹೃದಯ ಓಗೊಡುವುದಿಲ್ಲ. ಆ ಮಿಡಿತದ ಗೆರೆಗಳನ್ನೇ ಮಾನಿಟರ್ ಬಡಿತವೆಂದು ಎಣಿಸಿ 60 ಎಂದು ತೋರಿಸಬಹುದು. ಆದ್ದರಿಂದ ಪರದೆ ನೋಡುವಾಗ ಮಣಿಕಟ್ಟಿನ ಮೇಲೂ ಬೆರಳಿಡಿ. ಕಣ್ಣು ಕತ್ತಲೆಗಟ್ಟಿದರೆ, ಎಚ್ಚರ ತಪ್ಪಿದರೆ, ಹೊಸದಾಗಿ ಏದುಸಿರು ಬಂದರೆ ಅಂಕಿ ಎಷ್ಟೇ ಇರಲಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಪೇಸ್‌ಮೇಕರ್ ಇರುವವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ತಪಾಸಣೆಗೆ ಹೋದಾಗ ಕೆಳಗಿನ ಮಿತಿ, ನಿದ್ದೆಯ ಮಿತಿ, ಮೇಲಿನ ಮಿತಿ ಎಷ್ಟೆಂದು ಕೇಳಿ, ನಿಮ್ಮ ಪೇಸ್‌ಮೇಕರ್ ಕಾರ್ಡಿನ ಜೊತೆ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಟ್ಟುಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿಗೂ ಅದನ್ನು ತೋರಿಸಿಡಿ.